ಹಳ್ಳದ ದಂಡೆಯ ಪಟ್ಟಿ ಹೊಲ

ಜಮಖಂಡಿಯಲ್ಲಿ ಕೋರ್ಟಿನ ಹಿಂದಿನ ಓಣಿಯ ಮಹಡಿಯೊಂದರಲ್ಲಿ ನಮ್ಮ ಆಫೀಸು. ಹಳೆಯ ಸರ್ವೆ ನಕಾಶೆಗಳನ್ನು ಕಂಪ್ಯೂಟರಿಗೆ ಏರಿಸುವ ಗುತ್ತಿಗೆ ನಮ್ಮದು. ಬಟ್ಟೆಗೆ ಅಂಟಿಸಿದ ನಕಾಶೆಯನ್ನು ಸ್ಕ್ಯಾನ್ ಮಾಡಿ, ಒಂದೊಂದು ಹೊಲದ ಗೆರೆಯ ಮೇಲೂ ಮೌಸ್ ಆಡಿಸಿ, ಮೂಲೆಮೂಲೆಗೆ ಕ್ಲಿಕ್ ಮಾಡಿ, ನಂಬರು ಬರೆಯಬೇಕು. ಆರು ವರ್ಷದಿಂದ ಇದೇ ಕೆಲಸ. ಬಲಗೈ ಮಣಿಕಟ್ಟು ನೋಯದ ದಿನವೇ ನೆನಪಿಲ್ಲ.

ಒಂದು ಸೋಮವಾರ ಅನಗವಾಡಿ ಕಡೆಯಿಂದ ವಯಸ್ಸಾದ ಒಬ್ಬ ಆಯಿ ಬಂದರು. ಕುರಿ ಸಾಕುವ ಮನೆತನದವರು, ಹಣೆಯ ತುಂಬ ಅರಿಶಿನದ ಭಂಡಾರ. ಕೂಡ್ರಿ ಅನ್ನುವ ಮೊದಲೇ ಶುರು ಮಾಡಿದರು.

"ತಂಗೀ, ಬೆಳಿ ಬರಕೊಳ್ಳಾಕ ಬಂದಾಂವ ನನ್ನ ಗೋವಿನಜೋಳದಾಗ ನಿಂತು ಫೋನ್ ಒತ್ತಿದ. ಇದು ನಿಮ್ದಲ್ಲ, ಬಾಜೂದವರ್ದು ಅಂತ ತೋರಸ್ತೈತಿ ಅಂದ. ನಾ ಹೊಲದಾಗ ನಿಂತೇನಿ, ನನ್ನ ಕೈಯಾಗ ಕುಡಗೋಲ ಐತಿ. ನಂದಲ್ಲಂದ್ರ ಮತ್ಯಾರ್ದು?"

ಮೂರು ಕಚೇರಿ ತಿರುಗಿದ ಮೇಲೆ ಯಾರೋ ಅವರನ್ನು ನಮ್ಮ ಕಡೆ ಅಟ್ಟಿದ್ದರು. ಉತಾರ, ಅಂದರೆ ಪಹಣಿ, ಸರಿಯಾಗಿಯೇ ಇತ್ತು. ಅವರ ಹೆಸರು, ಹಿಸ್ಸಾ ನಂಬರು, ಹದಿನಾಲ್ಕು ಗುಂಟೆ. ಆದರೆ ನನ್ನ ಪರದೆಯಲ್ಲಿ ಆ ನಂಬರೇ ಇಲ್ಲ. ಪಕ್ಕದ ಹೊಲವೇ ಹಳ್ಳದ ತನಕ ಹಬ್ಬಿಕೊಂಡಿತ್ತು.

"ಬಾಜೂದವರ ಜೋಡಿ ತಕರಾರ ಐತೇನ್ರಿ ಆಯಿ?"

"ಎಂಥಾ ತಕರಾರ? ಅಂವನ ಗಾಡಿ ಮ್ಯಾಲ ಬಂದೇನಿ. ಅಲ್ಲೇ ಪಾವಟಗಿ ಮ್ಯಾಲ ಕುಂತಾನ."

ಕರೆದಾಗ ಮೆಟ್ಟಿಲ ಮೇಲೆ ಕೂತಿದ್ದ ಐವತ್ತರ ಆಸುಪಾಸಿನ ರೈತರೊಬ್ಬರು ಒಳಗೆ ಬಂದರು. "ಖರೇನ ಅವರ್ದರಿ ಅದು. ನನಗ ಬ್ಯಾಡ್ರಿ. ಎಲ್ಲಾ ಕಡಿ ಹೇಳಾಕತ್ತೇನಿ, ಯಾರೂ ಕೇಳವಲ್ರು" ಎಂದರು.

ಗೇಣು ಬದುವಿಗಾಗಿ ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುವವರನ್ನು ನಾನು ದಿನಾ ಕಿಟಕಿಯಿಂದ ನೋಡುತ್ತೇನೆ. ಇಲ್ಲಿ ಜಗಳವೇ ಇಲ್ಲ. ಕೊಡುವವರೂ ಸಿದ್ಧ, ತಗೊಳ್ಳುವವರೂ ಸಿದ್ಧ. ಒಪ್ಪದಿರುವುದು ಕಂಪ್ಯೂಟರ್ ಒಂದೇ. ಯಾವ ಪುಣ್ಯಾತ್ಮರು ಇದನ್ನು ಮಾಡಿದರೋ ಎಂದು ಗೊಣಗುತ್ತ, ಆ ಹೊಲದಲ್ಲಿ ಆದ ಬದಲಾವಣೆಗಳ ದಾಖಲೆ ತೆಗೆದೆ. ಅಲ್ಲಿ ನನ್ನದೇ ಲಾಗಿನ್ ಇತ್ತು.

ಗೆರೆ ಎಳೆಯುವಾಗ ಎರಡು ಹೊಲಗಳ ನಡುವೆ ಕೂದಲೆಳೆಯಂಥ ಸಂದುಗಳು ಉಳಿಯುವುದುಂಟು. ಸಾಫ್ಟ್‌ವೇರ್ ಅವನ್ನೆಲ್ಲ ಹುಡುಕಿ, ಪಕ್ಕದ ಹೊಲಕ್ಕೆ ಸೇರಿಸಲೇ ಎಂದು ಕೇಳುತ್ತದೆ. ಎರಡು ವರ್ಷದ ಹಿಂದೆ, ಆ ಊರಿನ ಫೈಲು ಸಂಜೆಯೊಳಗೆ ಕಳಿಸಬೇಕಿದ್ದ ದಿನ, ನಾನು ಒಂದನ್ನೂ ತೆರೆದು ನೋಡದೆ 'ಎಲ್ಲಕ್ಕೂ ಹೌದು' ಒತ್ತಿದ್ದೆ. ಆಯಿಯ ಹೊಲ ಹಳ್ಳದ ಗುಂಟ ಉದ್ದಕ್ಕೆ ಹೋಗುವ ಸಣ್ಣ ಪಟ್ಟಿ. ಸಾಫ್ಟ್‌ವೇರ್ ಅದನ್ನೂ ಸಂದು ಅಂದುಕೊಂಡಿತ್ತು.

ಮುಖ ಬಿಸಿಯಾಯಿತು. "ಸರಿ ಮಾಡಿ ಕೊಡ್ತೇನ್ರಿ" ಎಂದಷ್ಟೇ ಹೇಳಿ ಕಳಿಸಿದೆ.

ಅಳಿಸಲು ಒಂದು ಒತ್ತು ಸಾಕಾಗಿತ್ತು. ಮರಳಿ ಬಿಡಿಸಲು ಮೂರು ದಿನ ಹೆಣಗಿದೆ. ಪಕ್ಕದ ಹೊಲವನ್ನು ಸೀಳಲು ಗೆರೆ ಎಳೆದರೆ, ಅದು ತಾನಾಗಿ ಹಾರಿ ಬಾವಿಯ ಗುರುತಿಗೆ ಅಂಟಿಕೊಳ್ಳುತ್ತಿತ್ತು. ಬಿಡಿಸಿ ಎಳೆದರೆ, ಎರಡು ಹೊಲ ಒಂದರ ಮೇಲೊಂದು ಬಿದ್ದಿವೆ ಎಂದು ಕೆಂಪಾಗುತ್ತಿತ್ತು. ಅದನ್ನು ಸರಿಪಡಿಸಿದರೆ, ಈ ವ್ಯವಹಾರಕ್ಕೆ ಸಂಬಂಧವೇ ಇಲ್ಲದ ಮೂರನೆಯವರ ಹೊಲದಲ್ಲಿ ತಪ್ಪಿದೆ ಅನ್ನುತ್ತಿತ್ತು. ಎರಡು ಸಲ ಎಲ್ಲ ಮುಗಿಸಿ ಸೇವ್ ಒತ್ತುವ ಹೊತ್ತಿಗೆ ಕರೆಂಟು ಹೋಯಿತು. ಬುಧವಾರ ಸಂಜೆ ಅಂತೂ ಹೊಲ ಬೇರೆಯಾಯಿತು. ಅಳತೆ ನೋಡಿದರೆ ಹನ್ನೊಂದು ಗುಂಟೆ. ಉತಾರದ ಜೊತೆ ತಾಳೆಯಾಗದೆ ಅದು ಸೇವ್ ಆಗುವುದಿಲ್ಲ.

ನಮ್ಮ ಸೂಪರ್‌ವೈಸರ್ ಹಿಂದೆ ಬಂದು ನಿಂತರು. "ಮೇಡಂ, ಒಂದ್ ಪಟ್ಟಿ ಸಲುವಾಗಿ ಎಷ್ಟ ದಿನಾರೀ? ಗೆರಿ ಒಂಚೂರು ಸರಸ್ರಿ, ಹದಿನಾಕ ಬರ್ತೈತಿ."

"ಎಲ್ಲಿ ಸರಸ್ಲಿರಿ ಸರ್? ಈ ಕಡಿ ಬಾಜೂದವರ ಕಬ್ಬು, ಆ ಕಡಿ ಹಳ್ಳ."

"ಹಳ್ಳದಾಗ ಸರಸ್ರಿ. ಹಳ್ಳ ಬಂದು ತಕರಾರ ಮಾಡಂಗಿಲ್ಲ."

ಸರಿಸಿದೆ. ಹದಿನಾಲ್ಕು ಬಂತು, ಹಸಿರಾಯಿತು. ಸೇವ್ ಮಾತ್ರ ಒತ್ತಲಾಗಲಿಲ್ಲ. ರದ್ದು ಮಾಡಿ, ಮರುದಿನ ಆಯಿಯ ಊರಿಗೆ ಹೋಗಲು ಬೀಳಗಿ ಬಸ್ಸು ಹತ್ತಿದೆ.

ಹೊಲದಲ್ಲಿ ಟೇಪಿನ ಒಂದು ತುದಿ ಪಕ್ಕದ ರೈತರು ಹಿಡಿದರು, ಇನ್ನೊಂದು ನಾನು. ಆಯಿ ಮುಂದೆ ನಡೆದು ಬದು ತೋರಿಸುತ್ತಿದ್ದರು. ಅಲ್ಲೇ ಹೇಳಿಬಿಟ್ಟೆ.

"ಆಯಿ, ನಿಮ್ಮ ಹೊಲ ಅಳಿಸಿದಾಕಿ ನಾನರಿ."

ಅವರು ನಿಂತು ತಿರುಗಿದರು. "ನೀ ಅಳಿಸಿದ್ಯಾ? ನೋಡದನ?"

"ನೋಡಲಿಲ್ರಿ."

"ನಾ ಎಷ್ಟ ಬಾಗಲಾ ತುಳದೇನಿ ಗೊತ್ತೈತೇನ?"

ಇರಲಿ ಬಿಡು ಅಂತಾರೇನೋ ಎಂದು ಕಾದೆ. ಅನ್ನಲಿಲ್ಲ. "ಹಿಡಿ, ಈಗರೆ ಸರಿಯಾಗಿ ಅಳತಿ ಮಾಡ" ಎಂದು ಮುಂದೆ ನಡೆದರು.

ಹೊಲದ ನಡುವೆ ಹಳ್ಳ ದೂರ ಸರಿದು, ನೆಲ ಹೊಟ್ಟೆಯಂತೆ ಉಬ್ಬಿತ್ತು. ನನ್ನ ನಕಾಶೆಯಲ್ಲಿ ಅಲ್ಲಿ ನೆಟ್ಟನೆಯ ಗೆರೆ. ಶುಕ್ರವಾರ ಬಟ್ಟೆಯ ಮೂಲ ನಕಾಶೆಯನ್ನೇ ತರಿಸಿ ಮೇಜಿನ ಮೇಲೆ ಹರಡಿದೆ. ಅದೇ ಜಾಗದಲ್ಲಿ ಬಟ್ಟೆ ಒಂದರ ಮೇಲೊಂದು ಮಡಚಿ ಅಂಟಿಕೊಂಡಿತ್ತು. ಮೆಲ್ಲಗೆ ಬಿಡಿಸಿದರೆ ಒಳಗೆ ಹಳ್ಳದ ತಿರುವು. ಮೂರು ಗುಂಟೆ ಆ ಮಡಿಕೆಯಲ್ಲಿತ್ತು. ಸ್ಕ್ಯಾನ್ ಮಾಡಿದವರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಮತ್ತೆ ಸ್ಕ್ಯಾನ್ ಮಾಡಿ, ಮತ್ತೆ ಗೆರೆ ಎಳೆದೆ. ಮೇಲಿನ ಒಪ್ಪಿಗೆಗೆ ಇನ್ನೂ ಎಂಟು ದಿನ ಕಾಯಬೇಕಾಯಿತು. ಆಮೇಲೆ ಪಕ್ಕದ ರೈತರ ಫೋನು ಬಂತು. "ಬಂತ್ರಿ ಮೇಡಂ, ಆಯಿ ಹೆಸರ ತೋರಸಾಕತ್ತೈತಿ." ಹಿಂದಿನಿಂದ ಆಯಿಯ ದನಿ ಕೇಳಿತು. "ಮತ್ತ ಅಳಸಬ್ಯಾಡ ಅಂತ ಹೇಳಾಕಿಗೆ!"

'ಎಲ್ಲಕ್ಕೂ ಹೌದು' ಒತ್ತಿದ ಆ ದಿನ ನಾನು ಅಳಿಸಿದ ಪಟ್ಟಿಗಳನ್ನೆಲ್ಲ ಈಗ ಒಂದೊಂದಾಗಿ ತೆರೆದು ನೋಡುತ್ತಿದ್ದೇನೆ. ಸೂಪರ್‌ವೈಸರಿಗೆ ಸಿಟ್ಟು. ಹೆಚ್ಚಿನವು ನಿಜಕ್ಕೂ ಸಂದುಗಳೇ. ಆದರೆ ಈವರೆಗೆ ಇನ್ನೆರಡು ಹೊಲ ಸಿಕ್ಕಿವೆ. ಅವುಗಳ ಮಾಲೀಕರಿಗೆ ಇದು ಇನ್ನೂ ಗೊತ್ತಿಲ್ಲ. ನಾನೇ ಹೋಗಿ ಹೇಳಬೇಕು.