ಪೆಟ್ಟಿಗೆ ಸೇರದ ನಲವತ್ತೊಂದು ಲಸಿಕೆ ಚೀಟಿ

ದೆಸ್ಸೆ ಊರಿನ ಪುಟ್ಟ ಹೆರಿಗೆ ಆಸ್ಪತ್ರೆಯಲ್ಲಿ ದಾಖಲೆ ನೋಡಿಕೊಳ್ಳುವ ವೊಯಿನ್‌ಶೆತ್‌ಗೆ ಅಂದು ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹಳೆಯ ಕಂಪ್ಯೂಟರಿನ ಡಿಸ್ಕ್ ಇನ್ನೇನು ಕೆಟ್ಟುಹೋಗುವಂತೆ ಬೆಳಗಿನಿಂದ ಟಕ್ ಟಕ್ ಎನ್ನುತ್ತಿತ್ತು. ಎರಡು ಸಾವಿರ ಮಕ್ಕಳ ಲಸಿಕೆ ಚೀಟಿಗಳು ಅದರೊಳಗಿದ್ದವು. ತಾಯಂದಿರ ಬಳಿಯ ಕಾರ್ಡುಗಳು ಅರ್ಧಕ್ಕರ್ಧ ಕಳೆದುಹೋಗಿದ್ದವು, ಇಲ್ಲವೇ ಬಟ್ಟೆಯ ಜೊತೆ ಒಗೆತಕ್ಕೆ ಬಿದ್ದು ಮುದ್ದೆಯಾಗಿದ್ದವು.

ದೂರದ ಸರ್ವರಿಗೆ ಕಳಿಸೋಣವೆಂದರೆ ಇಂಟರ್ನೆಟ್ ವಾರಕ್ಕೆರಡು ದಿನ ಬಂದರೆ ಹೆಚ್ಚು. ಅದಕ್ಕೇ ಆಸ್ಪತ್ರೆಯ ಒಳಜಾಲಕ್ಕೆ ಎರಡು ಡಿಸ್ಕುಗಳ ಪೆಟ್ಟಿಗೆಯೊಂದನ್ನು ಜೋಡಿಸಿ, ಅದರಲ್ಲಿ ತಮ್ಮದೇ ಸಂಗ್ರಹ ತೆರೆದಿದ್ದಳು: ಬಕೆಟ್ ಎಂದು ಕರೆಯುವ ಒಂದು ದೊಡ್ಡ ಖಾನೆ, ಅದರೊಳಗೆ ಮಗುವಿಗೊಂದರಂತೆ ಹೆಸರು ಹಚ್ಚಿದ ಕಡತ. ಎಲ್ಲ ಸರಿಯಿದ್ದೂ ಪೆಟ್ಟಿಗೆ ಒಂದೇ ಒಂದು ಕಡತವನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಸಮಯ ಹೊಂದುತ್ತಿಲ್ಲ ಎಂದಷ್ಟೇ ಹೇಳಿತು. ಅವಳು ಕೈಗಡಿಯಾರ ನೋಡಿದಳು, ಮೂರೂ ಇಪ್ಪತ್ತು. ಪೆಟ್ಟಿಗೆಯಲ್ಲೂ ಅಷ್ಟೇ. ಇನ್ನೇನು ಹೊಂದಬೇಕು ಇದಕ್ಕೆ?

ಪಾಸ್‌ವರ್ಡ್ ಬದಲಿಸಿದಳು. ವೈರು ಬದಲಿಸಿದಳು. ಬಕೆಟ್ಟನ್ನೇ ಅಳಿಸಿ ಮತ್ತೆ ಮಾಡಿದಳು. ಕಿಟಕಿಗೆ ಹೋಗಿ ಬಂದಳು.

ಜನರೇಟರ್ ನೋಡುವ ದೆಮಿಸ್ಸೆವ್ ಬಾಗಿಲಿಗೊರಗಿ, "ಆ ಪೆಟ್ಟಿಗೆಗೂ ನಿನ್ನ ಮೇಲೆ ನಂಬಿಕೆ ಇಲ್ಲ ಕಣಮ್ಮ" ಎಂದ.

"ನಿಮ್ಮ ಜನರೇಟರಿಗೆ ನಿಮ್ಮ ಮೇಲೆ ಇದೆಯೇನಣ್ಣ? ನಿನ್ನೆ ಮೂರು ಸಲ ಕೈಕೊಡ್ತು."

ಎರಡು ಗಂಟೆ ಹೀಗೇ ಕಳೆಯಿತು. ಕಾಫಿ ಹಿಡಿದು ಬಂದ ಸೂಲಗಿತ್ತಿ ಲೆಮ್ಲೆಮ್ ಎರಡೂ ಪರದೆಗಳನ್ನು ನೋಡಿ, "ಅಲ್ಲ ಕಣೇ, ಕಂಪ್ಯೂಟರಲ್ಲಿ ಹನ್ನೊಂದು, ಇದರಲ್ಲಿ ಐದು. ಇದಕ್ಯಾಕೆ ನಮ್ಮ ಗಂಟೆ ಕೊಟ್ಟಿದ್ದೀಯ?" ಎಂದಳು.

ವೊಯಿನ್‌ಶೆತ್ ತಲೆಗೆ ಕೈಹಚ್ಚಿದಳು. ಅವಳ ಕೈಗಡಿಯಾರ, ಊರಿನ ಎಲ್ಲರ ಗಡಿಯಾರಗಳಂತೆ, ಹೊತ್ತು ಹುಟ್ಟಿದ ಮೇಲೆ ಗಂಟೆ ಎಣಿಸುವಂಥದ್ದು; ಕಂಪ್ಯೂಟರ್ ಮಾತ್ರ ನಡುರಾತ್ರಿಯಿಂದ ಎಣಿಸುತ್ತಿತ್ತು. ಇಂಟರ್ನೆಟ್ ಇಲ್ಲದ ಪೆಟ್ಟಿಗೆ ಮೊದಲ ದಿನ ಸಮಯ ಕೇಳಿದಾಗ ಮಣಿಕಟ್ಟು ನೋಡಿ ತುಂಬಿಸಿದ್ದಳು. ಕಂಪ್ಯೂಟರಿನ ಹೊತ್ತಿಗೂ ತನ್ನದಕ್ಕೂ ಆರು ಗಂಟೆಯ ಅಂತರ ಕಂಡ ಪೆಟ್ಟಿಗೆ, ಬಂದ ಕಡತಗಳನ್ನೆಲ್ಲ ಕಳ್ಳರೆಂದು ಹಿಂದಕ್ಕಟ್ಟಿತ್ತು.

ಗಂಟೆ ತಿದ್ದಿದೊಡನೆ ಕಡತಗಳು ಸಾಲುಗಟ್ಟಿ ಹೊರಟವು. ನೂರು, ಎಂಟುನೂರು, ಸಾವಿರದ ಐನೂರು. ಅವಳು ಎಣಿಕೆ ನೋಡುತ್ತಿದ್ದಳು. ಸಾವಿರದ ಒಂಬೈನೂರ ಐವತ್ತೊಂಬತ್ತಕ್ಕೆ ಟಕ್ ಟಕ್ ನಿಂತಿತು. ಡಿಸ್ಕ್ ಮತ್ತೆ ಏಳಲಿಲ್ಲ. ಬಾರದ ನಲವತ್ತೊಂದು ಹೆಸರು ಪರದೆಯ ಮೇಲೆ ಉಳಿದವು. ಆ ಎರಡು ಗಂಟೆ ಕೈಲಿದ್ದಿದ್ದರೆ ಅವೂ ಬರುತ್ತಿದ್ದವು.

ಹೆಸರುಗಳನ್ನು ಹಾಳೆಗಿಳಿಸಿಕೊಂಡು ಎದ್ದಳು.

"ಊಟ ಮಾಡಿ ಹೋಗೇ" ಎಂದಳು ಲೆಮ್ಲೆಮ್.

"ಲಸಿಕೆಗೆ ಬಂದವರು ಎದ್ದು ಹೋದ್ರೆ?"

ಪಟ್ಟಿಯಲ್ಲಿದ್ದ ಮಕ್ಕಳ ತಾಯಂದಿರ ಪೈಕಿ ಜಗಲಿಯಲ್ಲಿ ಮೊದಲು ಸಿಕ್ಕವಳು ಜೆರಿತು, ಬೆನ್ನಿಗೆ ಮಗು ಕಟ್ಟಿಕೊಂಡಿದ್ದಳು.

"ಎಷ್ಟು ಚುಚ್ಚಿಸಿದ್ದೀಯಮ್ಮ ಇವನಿಗೆ?"

"ಎರಡೋ ಮೂರೋ. ತೊಡೇದು ನೆನಪಿದೆ ಅಕ್ಕ, ರಾತ್ರಿಯೆಲ್ಲ ಅತ್ತಿದ್ದ."

ವೊಯಿನ್‌ಶೆತ್ ಅದನ್ನೂ ಬರೆದುಕೊಂಡಳು. ಮಂಡಿಯೂರಿ, ಮಗುವಿನ ಅಂಗಿತೋಳು ಮೆಲ್ಲಗೆ ಮೇಲೆತ್ತಿ, ಹುಟ್ಟಿದಾಗ ಹಾಕಿದ ಸೂಜಿಯ ಕಲೆ ಇದೆಯೇ ಎಂದು ಹೆಬ್ಬೆರಳಿನಿಂದ ಸವರಿ ಹುಡುಕತೊಡಗಿದಳು.