ನಕ್ಷೆಯಿಂದ ಅಳಿಸಿದ ಅಂಜೂರದ ತೋಟ

ಗದುಗಿನ ಪ್ರಫುಲ್ಲಾ ಧಾರವಾಡದಲ್ಲಿ ಪುರಾತತ್ವ ಓದಿ, ಡಾಕ್ಟರೇಟಿಗೆಂದು ಸ್ವೀಡನ್ನಿಗೆ ಹೋಗಿ ಅಲ್ಲೇ ನಿಂತವಳು. ಹಳೆಯ ಮಣ್ಣನ್ನು ನೀರಿನಲ್ಲಿ ಕದಡಿ ಸೋಸಿ, ಸಿಕ್ಕ ಬೀಜ ಯಾವ ಗಿಡದ್ದೆಂದು ಗುರುತಿಸುವುದು ಅವಳ ಕೆಲಸ. ೨೦೦೬ರ ಬೇಸಿಗೆಯಲ್ಲಿ ಒಂದು ಉತ್ಖನನ ಕಂಪನಿ ಅವಳನ್ನು ಹೆಲ್ಸಿಂಗ್‌ಬೋರ್ಗ್ ಪಟ್ಟಣದ ಹತ್ತಿರದ ಹಳೆಯ ಜಮೀನ್ದಾರರ ಬಂಗಲೆಗೆ ಕರೆಸಿತು. ಬಂಗಲೆಯ ಹಿಂದಿನ ಹುಲ್ಲುಗಾವಲಿನಲ್ಲಿ ಹೊಸ ಮನೆಗಳು ಏಳಲಿದ್ದವು. ಅದಕ್ಕೂ ಮುಂಚೆ ಅಗೆದು, ನೆಲದಡಿ ಏನಿದೆಯೆಂದು ವರದಿ ಕೊಡಬೇಕಿತ್ತು.

ಆ ಕಂಪನಿಯಲ್ಲಿ ನಕ್ಷೆ ಬರೆಯುತ್ತಿದ್ದವನು ಮೈಸೂರಿನ ಅನಂತಕೃಷ್ಣ. ಹಿಂದಿನ ವರ್ಷ ಬಂದಿಳಿದಾಗ ಅವನಿಗೆ ಬಾಡಿಗೆ ಕೋಣೆ ಹುಡುಕಿಕೊಟ್ಟವಳು, ಅಲ್ಲಿನ ಗುರುತಿನ ಸಂಖ್ಯೆಗೆ ಅರ್ಜಿ ತುಂಬಿಸಿದವಳು ಪ್ರಫುಲ್ಲಾ. ಭಾನುವಾರದ ಊಟ ಅವಳ ಮನೆಯಲ್ಲೇ.

ಆರು ಗುಂಡಿಗಳಲ್ಲಿ ಏನೂ ಸಿಗಲಿಲ್ಲ. ಏಳನೆಯದರಲ್ಲಿ ಇಟ್ಟಿಗೆ ಗೋಡೆಯ ಬುಡ, ಅದರೊಳಗೆ ಮಸಿ ಹಿಡಿದ ಹೊಗೆಗಂಡಿ, ಗೋಡೆಗುಂಟ ಗಿಡ ನೆಟ್ಟ ಕಪ್ಪು ಕುಳಿಗಳ ಸಾಲು. ಸೋಸಿದ ಮಣ್ಣಿನಲ್ಲಿ ರಾಗಿಗಿಂತ ಸಣ್ಣ ಬೀಜಗಳಿದ್ದವು. ಅಂಜೂರ. ಇನ್ನೂರೈವತ್ತು ವರ್ಷಗಳ ಹಿಂದೆ ಯಾರೋ ಮಾಲಿ ಬಿಸಿ ಹೊಗೆ ಹಾಯಿಸಿ ಗೋಡೆಯನ್ನೇ ಕಾಯಿಸಿ, ಆ ಚಳಿಯಲ್ಲಿ ಅಂಜೂರ ಬೆಳೆದಿದ್ದ. ಒಂದೊಂದು ಕುಳಿಗೂ ಟೇಪು ಹಿಡಿದು ಅಳತೆ ಬರೆದುಕೊಂಡವನು ಅನಂತಕೃಷ್ಣನೇ.

ಅಕ್ಟೋಬರಿನಲ್ಲಿ ವರದಿ ಬಂತು. ನಕ್ಷೆಯಲ್ಲಿ ಆರೇ ಗುಂಡಿಗಳಿದ್ದವು. ತೋಟದ ಕುರುಹು ಉಳಿದಿಲ್ಲ ಎಂದು ಬರೆದಿತ್ತು. ಕೆಳಗೆ ಅವಳ ಹೆಸರೂ ಇತ್ತು. ಅಚ್ಚಿನ ತಪ್ಪಿರಬೇಕೆಂದುಕೊಂಡು ಅವಳು ಅನಂತಕೃಷ್ಣನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮರುದಿನ ಆಫೀಸಿಗೇ ಹೋದಳು.

ಅವನು ಕಂಪ್ಯೂಟರಿನಿಂದ ಮುಖ ತಿರುಗಿಸದೆ ಹೇಳಿದ: “ಏಳನೇ ಗುಂಡಿ ತೆಗಿ ಅಂದ್ರು ಕಂಪನಿಯವ್ರು, ಅಕ್ಕ. ತೋಟ ಇದೆ ಅಂದ್ರೆ ಮನೆ ಕಟ್ಟೋದು ನಿಲ್ಲುತ್ತೆ. ಜನವರಿಗೆ ನನ್ನ ವರ್ಕ್ ಪರ್ಮಿಟ್ ಮುಗಿಯುತ್ತೆ. ಅವ್ರು ಸೈನ್ ಹಾಕ್ಬೇಕು.”

“ನನಗೆ ಹೇಳಿದ್ರೆ ಇಬ್ರೂ ಕೂತು ದಾರಿ ಹುಡುಕ್ತಿದ್ವಿ. ಹೋದ ಭಾನುವಾರ ನನ್ನ ಮನೇಲಿ ಊಟ ಮಾಡಿದಾಗ್ಲೂ ನಿಂಗೆ ಇದು ಗೊತ್ತಿತ್ತಾ?”

“ಗೊತ್ತಿತ್ತು,” ಎಂದ.

ಅವಳು ಹೊರಬಂದಳು. ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಬಂದು ಹೋದರೂ ಹತ್ತಲಾಗಲಿಲ್ಲ. ಕಂಪನಿಯ ಮೇಲೆ ಬಂದದ್ದು ಸಿಟ್ಟು. ಇವನ ವಿಷಯಕ್ಕೆ ನೆನಪಾದದ್ದು ಆ ಭಾನುವಾರದ ಊಟ.

ಆ ವಾರವೇ ತನ್ನ ಟಿಪ್ಪಣಿ ಪುಸ್ತಕ, ಫೋಟೊ, ಬೀಜದ ಸೀಸೆಗಳನ್ನು ಜಿಲ್ಲಾ ಆಡಳಿತಕ್ಕೆ ಕಳಿಸಿದಳು. ಕೆಲಸ ನಿಲ್ಲಿಸುವ ಆದೇಶ ಬರುವಷ್ಟರಲ್ಲಿ ಯಂತ್ರ ಅರ್ಧ ಗೋಡೆಯನ್ನು ಕಿತ್ತುಹಾಕಿತ್ತು. ಉಳಿದರ್ಧವನ್ನು ಮಣ್ಣು ಮುಚ್ಚಿ ಕಾಪಾಡಿದರು. ಅಂಥ ಕಂಪನಿಗಳು ಆಮೇಲೆ ಅವಳನ್ನು ಕರೆಯಲಿಲ್ಲ. ಕೃಷಿ ಸಂಶೋಧನಾಲಯವೊಂದರಲ್ಲಿ ಬೀಜ ಪರೀಕ್ಷಿಸುವ ಕೆಲಸ ಹಿಡಿದಳು. ಅವನ ಪರ್ಮಿಟ್ ಮುಂದುವರಿಯಿತು.

ಎರಡು ವರ್ಷದ ಮೇಲೆ ಮಾಲ್ಮೋ ಊರಿನ ಕನ್ನಡಿಗರ ಯುಗಾದಿ ಊಟದಲ್ಲಿ ಅವನು ತಟ್ಟೆ ಹಿಡಿದು ಎದುರಿಗೆ ಬಂದು ಕೂತ. ಕ್ಷಮಿಸಿ ಅಂದ. ಪ್ರಫುಲ್ಲಾ ಕೋಸಂಬರಿಯ ಪಾತ್ರೆಯನ್ನು ಅವನತ್ತ ಸರಿಸಿದಳು.

“ಬಡಿಸ್ಕೊಳ್ಳಿ,” ಎಂದಳು. ಅವನಿಗೆ ಅವಳು ಬಹುವಚನ ಬಳಸಿದ್ದು ಅದೇ ಮೊದಲು.