ಸವಳು ನೀರಿನ ಬೇಳೆ

ಆಗ ನನಗೆ ಐವತ್ತೊಂದು. ಅದಾಗಿ ಇಪ್ಪತ್ತಾರು ವರ್ಷವಾಯಿತು. ತೆಲುಗು ನಾಡಿನ ತಾರ್ನಾಕದಲ್ಲಿ ನಮ್ಮ ಕಡೆಯ ಸಾಹೇಬರೊಬ್ಬರ ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದೆ. ಅವರು ಮೀನುಗಾರಿಕೆ ಕಚೇರಿಯಲ್ಲಿ ದೊಡ್ಡ ಹುದ್ದೆಯವರು. ಮೀನನ್ನು ಕಾಗದದಲ್ಲಿ ಕಂಡವರೇ ಹೊರತು ತಾಟಿನಲ್ಲಿ ಕಂಡವರಲ್ಲ.

ಒಂದು ಭಾನುವಾರ ಬೆಳಿಗ್ಗೆ ಹಿತ್ತಲ ಬಾಗಿಲಿಗೆ ನನ್ನ ವಯಸ್ಸಿನ ಹೆಂಗಸೊಬ್ಬಳು ಬಂದು ನಿಂತಳು. ಕೈಯಲ್ಲಿ ಒಂದು ಕ್ಯಾನು, ಅದರ ತುಂಬ ನೀರು. ಸಮುದ್ರದ ದಂಡೆಯ ಊರಿನಿಂದ ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದಳು. ಇಬ್ಬರೂ ತೆಲುಗಿನಲ್ಲಿ ಮಾತಾಡಿದೆವು. ಅದನ್ನು ನನಗೆ ಬರುವ ಕನ್ನಡದಲ್ಲಿ ಬರೆಯುತ್ತೇನೆ.

"ಇಲ್ಲಿ ನಲ್ಲಿ ಐತಿ. ನೀರು ಯಾಕ ಹೊತ್ಕೊಂಡು ಬಂದಿ?" ಅಂದೆ.

"ನಿಮ್ಮ ಸಾಹೇಬ್ರಿಗೆ ಒಂದು ಗುಟುಕು ಕುಡಸಾಕ, ಅಕ್ಕಾ."

ಅವಳ ಊರಿನ ಸುತ್ತ ದೊಡ್ಡವರು ಸೀಗಡಿ ಕೆರೆ ತೋಡಿಸಿ ಸಮುದ್ರದ ನೀರು ತುಂಬಿಸಿದ್ದರು. ಆ ಉಪ್ಪು ನೆಲದೊಳಗೆ ಇಳಿದು ಕುಡಿಯುವ ಒಂದೇ ಒಂದು ಬಾವಿ ಸವಳಾಗಿತ್ತು. ಈಗ ಬಾವಿಯ ಆಚೆಗೂ ಕೆರೆ ತೋಡಲು ಪರವಾನಗಿ ಕೇಳಿದ್ದರು. ಬಾವಿ ನೀರು ಚೆನ್ನಾಗಿದೆಯೋ ಇಲ್ಲವೋ, ಸೋಮವಾರ ಸಾಹೇಬರು ಬರೆಯಬೇಕು. ಆ ಬಾವಿಯದೆಂದು ಕಚೇರಿಗೆ ಬಾಟಲಿಯಲ್ಲಿ ಬಂದ ನೀರು ಸಿಹಿಯಾಗಿತ್ತಂತೆ.

"ಅದು ನಮ್ಮ ಬಾವಿದಲ್ಲ. ಯಾರೂ ಬಂದು ಹಗ್ಗ ಬಿಟ್ಟಿಲ್ಲ. ನನ್ನ ಸೊಸಿ ಬಾಣಂತಿ. ಒಂದು ಕೊಡ ನೀರಿಗೆ ಪಕ್ಕದೂರಿಗೆ ನಡೀತಾಳ," ಅಂದಳು.

ಸಾಹೇಬರು ಹೊರಗೆ ಬಂದು ಕ್ಯಾನು ನೋಡಿದರು, ಮುಟ್ಟಲಿಲ್ಲ. "ಒಂದು ಹಿಡಿ ಉಪ್ಪು ಕಲಿಸಿ ತಂದ್ರ ನಮಗೇನು ಗೊತ್ತಾಗ್ತದ? ಕಳಸವ್ವಾ ಆಕೀನ," ಎಂದು ನನಗೆ ಹೇಳಿ ಒಳಗೆ ಹೋದರು.

ಸುಳ್ಳೇಕೆ ಹೇಳಲಿ, ನನಗೂ ಅದೇ ಅನುಮಾನ. ಆದರೆ ಕಳಿಸಲಿಲ್ಲ. ಉಪ್ಪು ಕಲಿಸಿದ ನೀರಿನಲ್ಲಿ ಬೇಳೆ ತಡವಾದರೂ ಬೇಯುತ್ತದೆ. ಸವಳು ನೀರಿನಲ್ಲಿ ಉಪ್ಪಿನ ಜೊತೆ ನೆಲದ ಸುಣ್ಣವೂ ಇರುತ್ತದೆ, ಅದರಲ್ಲಿ ಬೇಯುವುದಿಲ್ಲ. ಕಳ್ಳಿಯಾದರೆ ಹಿಡಿಯೋಣ ಎಂದೇ ಎರಡು ಪಾತ್ರೆ ಇಟ್ಟೆ. ಒಂದಕ್ಕೆ ಅವಳ ನೀರು. ಇನ್ನೊಂದಕ್ಕೆ ನಲ್ಲಿ ನೀರು, ರುಚಿ ನೋಡಿ ಅಷ್ಟೇ ಉಪ್ಪು. ಎರಡಕ್ಕೂ ಒಂದೇ ಡಬ್ಬಿಯ ತೊಗರಿಬೇಳೆ.

ಅವಳು ಕೇಳದೆಯೇ ಒಲೆಯ ಪಕ್ಕ ಕುಳಿತು ಬೆಳ್ಳುಳ್ಳಿ ಸುಲಿದಳು.

"ಮೀನಿನ ಸಾಹೇಬ್ರ ಮನ್ಯಾಗ ಮೀನಿನ ವಾಸನೀನ ಇಲ್ಲಲ್ಲ ಅಕ್ಕಾ!"

"ಬದನೀಕಾಯಿ ತಿಂದು ಮೀನಿಗೆ ಸಹಿ ಹಾಕ್ತಾರ," ಅಂದೆ. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ನಾನು ಕೇಳಿರಲೂ ಇಲ್ಲ. ಬರೀ ಚಹಾ ಮಾಡಿಕೊಟ್ಟಿದ್ದೆ.

ಒಂದು ತಾಸಿಗೆ ಉಪ್ಪು ಕಲಿಸಿದ ಪಾತ್ರೆಯಲ್ಲಿ ಬೇಳೆ ಮೆತ್ತಗಾಯಿತು. ಅವಳದರಲ್ಲಿ ಎರಡು ತಾಸಾದರೂ ಹರಳಿನ ಹಾಗೇ ಇತ್ತು. ನಾನು ಅವಳ ಮುಖ ನೋಡಲಿಲ್ಲ.

ಸಾಹೇಬರು ಊಟಕ್ಕೆ ಕುಳಿತಾಗ ಎರಡೂ ಪಾತ್ರೆ ತಂದು ಮುಂದಿಟ್ಟೆ.

"ಇದರಾಗ ನಾನ ಉಪ್ಪು ಕಲಿಸೀನ್ರಿ. ಇದು ಆಕಿ ನೀರು. ಹಿಚುಕಿ ನೋಡ್ರಿ."

"ಊಟಕ್ಕ ಕುಂತಾಗ ಏನಿದು ನಿಂದು?" ಅಂದರು. ಆದರೂ ಹಿಚುಕಿದರು. ಅವಳ ಬೇಳೆಯನ್ನು ಎರಡು ಸಲ ಹಿಚುಕಿದರು.

"ನಮ್ಮೂರ ಬಾವಿನೂ ಸವಳು. ಬ್ಯಾಸಗ್ಯಾಗ ಬೇಳಿ ಬೇಯಲಿಲ್ಲಂದ್ರ ನಮ್ಮವ್ವ ಒಲಿ ಮುಂದ ಕುಂತು ಅಳತಿದ್ಲು," ಅಂದರು.

ನಾನು ಅನ್ನ ಬಡಿಸಿದೆ.

"ನಾಳೆ ಮುಂಜಾನೆ ಗಾಡಿಗೆ ನಾನ ಹೋಗ್ತೀನಿ. ನನ್ನ ಕಣ್ಣ ಮುಂದ ಆ ಬಾವಿ ನೀರು ಸೇದಸ್ತೀನಿ. ಅಲ್ಲಿತನಕ ಒಂದಕ್ಷರ ಬರಿಯೂದಿಲ್ಲ. ಆಕಿನೂ ನನ್ನ ಜೋಡಿ ಬರಲಿ, ದಾರಿ ತೋರಸ್ತಾಳ. ಪರವಾನಗಿ ತಡಿಯೂದು ನನ್ನೊಬ್ಬನ ಕೈಯಾಗಿಲ್ಲ, ಹೇಳು ಆಕಿಗೆ."

ಹೇಳಿದೆ. ಅವಳು ಕೈ ಮುಗಿಯಲಿಲ್ಲ, ಅಳಲಿಲ್ಲ. "ಸಾಹೇಬ್ರು ನಮ್ಮೂರಾಗ ಏನು ತಿಂತಾರ, ಅಕ್ಕಾ? ನಮ್ಮಲ್ಲಿ ಬದನೀಕಾಯಿ ಸಿಗೂದಿಲ್ಲ," ಅಂದಳು.

ಮರುದಿನ ನಸುಕಿನಲ್ಲಿ ಎದ್ದು ಹನ್ನೆರಡು ಜೋಳದ ರೊಟ್ಟಿ ಬಡಿದೆ. ಆರು ಸಾಹೇಬರ ಚೀಲಕ್ಕೆ ಹಾಕಿದೆ, ಆರು ಅವಳ ಸೊಸೆಗೆಂದು ಬಟ್ಟೆಯಲ್ಲಿ ಕಟ್ಟಿಕೊಟ್ಟೆ.